ಬೀರುವಿನ ಮೇಲಿನ ಹಾರ್ಮೋನಿಯಂ

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಪಾಸ್ಖ ಕಾಲದ ಮನೆ ಆಶೀರ್ವಾದಕ್ಕೆಂದು ಬೀದಿಯಿಂದ ಬೀದಿಗೆ ನಡೆಯುತ್ತಿದ್ದೆ. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಕಾಫಿಗೆ ಕುಳಿತಾಗ, ಬೀರುವಿನ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆಯಂತಹ ವಸ್ತುವೊಂದು ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದೆ. ಮನೆಯೊಡತಿ ತುಸು ನಾಚಿಕೊಂಡು, ‘ಹಾರ್ಮೋನಿಯಂ ಫಾದರ್. ಮದುವೆಗೆ ಮುಂಚೆ ನಮ್ಮೂರಿನ ಗಾನವೃಂದಕ್ಕೆ ನುಡಿಸುತ್ತಿದ್ದೆ. ಚೆನ್ನಾಗಿ ಕಲಿಯಬೇಕೆಂಬ ಆಸೆಯಿತ್ತು. ಮೊದಲು ಅತ್ತೆಯವರ ಕಾಯಿಲೆ, ಆಮೇಲೆ ಮಕ್ಕಳ ಓದು, ಈಗ ಮೊಮ್ಮಗ. ಎಲ್ಲ ಒಂದು ದಡ ಸೇರಲಿ, ಆಮೇಲೆ ತೆಗೆಯೋಣ ಎಂದು ಮೇಲಿಟ್ಟೆ’ ಎಂದರು. ಸ್ವಲ್ಪ ತಡೆದು, ‘ಈ ವಯಸ್ಸಿನಲ್ಲಿ ಅದಕ್ಕೆ ಹೊತ್ತು ಕೊಡುವುದು ಸ್ವಾರ್ಥ ಅಲ್ಲವಾ ಫಾದರ್?’ ಎಂದು ಕೇಳಿದರು.

ಆ ಬೀದಿಯಲ್ಲಿ ನನಗೆ ಇನ್ನೂ ಹತ್ತಾರು ಮನೆಗಳಿದ್ದವು. ‘ಸ್ವಾರ್ಥವೇನಿಲ್ಲಮ್ಮ, ಬಿಡುವಾದಾಗ ನುಡಿಸಿ’ ಎಂದು ಹೇಳಿ ಎದ್ದುಬಿಟ್ಟೆ. ಅದು ಸೌಜನ್ಯದ ಮಾತಾಗಿತ್ತೇ ಹೊರತು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಮೂವತ್ತು ವರ್ಷಗಳಿಂದ ಬಿಡುವಾಗಿಲ್ಲವೆಂದೇ ಅವರು ನನ್ನೊಡನೆ ಹೇಳಿಕೊಂಡಿದ್ದರು. ನಾನು ಆ ಬಾರದ ಬಿಡುವನ್ನೇ ಮತ್ತೆ ಅವರ ಕೈಗಿಟ್ಟು ಹೊರಬಂದಿದ್ದೆ. ಕೆಲವು ತಿಂಗಳಲ್ಲಿ ನನಗೆ ವರ್ಗಾವಣೆಯಾಯಿತು. ಅವರ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಊರೂರು ಸುತ್ತಿತು. ಹೊಣೆಗಾರಿಕೆಗಳ ನಡುವೆ ಬದುಕುವ ಮನುಷ್ಯನಿಗೆ ತನ್ನದೇ ಒಂದು ಕನಸನ್ನು ಬೆಳೆಸಿಕೊಳ್ಳುವ ಹಕ್ಕು ಇದೆಯೇ? ಇದ್ದರೆ, ಅದು ಇತರರಿಗೆ ಸಲ್ಲಬೇಕಾದ ಹೊತ್ತನ್ನು ಕದ್ದಂತೆ ಆಗುವುದಿಲ್ಲವೇ?

ಬಿಡುವೆಂಬ ಮರೀಚಿಕೆ

‘ಪುರುಸೊತ್ತಿಲ್ಲ’ ಎಂಬುದು ನಮ್ಮ ಕಾಲದ ನಿತ್ಯಜಪವಾಗಿದೆ. ಆ ಮಾತಿನಲ್ಲಿ ಅರ್ಧ ದಣಿವು, ಅರ್ಧ ಹೆಮ್ಮೆ. ಬೆಳಗಿನ ಜಾವದ ನೀರು, ಮಕ್ಕಳ ಡಬ್ಬಿ, ಬಸ್ಸಿನ ನೂಕುನುಗ್ಗಲು, ಕಚೇರಿ, ಸಂಜೆಯ ಮನೆಪಾಠ, ತಿಂಗಳ ಕೊನೆಯ ಕಂತು - ಇವುಗಳ ನಡುವೆ ದಿನವೊಂದು ಹುಟ್ಟಿ ಮುಳುಗುತ್ತದೆ. ಆದರೂ ಪ್ರತಿಯೊಬ್ಬರ ಎದೆಯ ಮೂಲೆಯಲ್ಲಿ ಏನೋ ಒಂದು ಬಟ್ಟೆ ಸುತ್ತಿಟ್ಟುಕೊಂಡು ಕಾಯುತ್ತಿರುತ್ತದೆ. ಅರ್ಧಕ್ಕೆ ನಿಂತ ಪದವಿಯನ್ನು ಪೂರೈಸಬೇಕೆಂದು ಒಬ್ಬರಿಗೆ. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಬರೆದಿಡಬೇಕೆಂದು ಇನ್ನೊಬ್ಬರಿಗೆ. ಹಿರಿಯರು ಬಿಟ್ಟುಹೋದ ಕಾಲೆಕರೆ ಜಾಗದಲ್ಲಿ ಹತ್ತು ಮಾವಿನ ಗಿಡ ಎಬ್ಬಿಸಬೇಕೆಂದು ಮತ್ತೊಬ್ಬರಿಗೆ. ಇವು ಲೋಕವನ್ನೇ ಗೆಲ್ಲಹೊರಟ ಕನಸುಗಳಲ್ಲವಾದ್ದರಿಂದ ಇವಕ್ಕಾಗಿ ಯಾರೂ ರಜೆ ಕೊಡುವುದಿಲ್ಲ. ನಾವೂ ಕೇಳುವುದಿಲ್ಲ.

ಹಾಗಾಗಿ ಮುಂದೂಡುತ್ತೇವೆ. ಮಗಳ ಹತ್ತನೆಯ ತರಗತಿ ಮುಗಿಯಲಿ, ಮನೆಯ ಸಾಲ ತೀರಲಿ, ನಿವೃತ್ತಿಯಾಗಲಿ. ಅಲೆಗಳು ನಿಲ್ಲಲಿ, ಆಮೇಲೆ ಸಮುದ್ರಸ್ನಾನ ಮಾಡೋಣವೆಂದು ದಡದಲ್ಲಿ ಕುಳಿತವನ ಹಾಗೆ ನಮ್ಮ ಕಾಯುವಿಕೆ. ಅಲೆ ನಿಲ್ಲುವುದಿಲ್ಲ ಎಂಬುದು ಒಂದು ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ವೇಳೆ ಅಲೆ ನಿಂತರೂ, ಅಷ್ಟರಲ್ಲಿ ನಮಗೆ ಈಜು ಮರೆತಿರುತ್ತದೆ. ಮೂವತ್ತು ವರ್ಷ ಸ್ವರವನ್ನು ಮುಟ್ಟದ ಬೆರಳು ನಿವೃತ್ತಿಯ ಮರುದಿನ ಏಕಾಏಕಿ ಸ್ವರ ಹಿಡಿಯದು. ಪುಸ್ತಕ ತೆರೆಯದ ಕಣ್ಣು ಬಿಡುವು ಸಿಕ್ಕಿತೆಂದು ಓದತೊಡಗದು. ನಿವೃತ್ತರಾದ ಮೇಲೆ ದಿನವಿಡೀ ಬಿಡುವಿದ್ದೂ ಏನೂ ತೋಚದೆ ಜಗುಲಿಯಲ್ಲಿ ಕುಳಿತ ಹಿರಿಯರನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅವರಿಗೆ ಸಮಯ ಬಂತು. ಅದನ್ನು ತುಂಬಬೇಕಾಗಿದ್ದ ಆಸೆ ಅದರೊಳಗೆ ಒಣಗಿಹೋಗಿತ್ತು.

ಹಾಗಾದರೆ ಬಿಡುವಿಲ್ಲದಿರುವಾಗಲೇ ಕನಸನ್ನು ಬೆಳೆಸಿದವರು ಹೇಗೆ ಬೆಳೆಸಿದರು? ನನ್ನ ಮನಸ್ಸಿಗೆ ಮತ್ತೆ ಮತ್ತೆ ಬರುವವರು ಇಬ್ಬರು. ಒಬ್ಬರು ಯುರೋಪಿನ ಮಠವೊಂದರಲ್ಲಿದ್ದ ಗುರು. ಇನ್ನೊಬ್ಬರು ನಮ್ಮ ನಾಡಿಗೆ ಬಂದು ನಮ್ಮ ನುಡಿಗೆ ದುಡಿದ ಮಿಷನರಿ.

ಮಠದ ತೋಟದಲ್ಲಿ

ಗ್ರೆಗೋರ್ ಮೆಂಡೆಲ್ ಎಂಬ ಹೆಸರನ್ನು ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುತ್ತಾರೆ. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದವರೆಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವರು ಅಗಸ್ಟಿನ್ ಸಭೆಗೆ ಸೇರಿದ ಕಥೋಲಿಕ ಗುರುವೆಂಬುದೂ, ಸಂಶೋಧನೆ ಅವರ ಉದ್ಯೋಗವಾಗಿರಲಿಲ್ಲವೆಂಬುದೂ ಅನೇಕರಿಗೆ ತಿಳಿಯದು.

1822ರಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಅವರು 1843ರಲ್ಲಿ ಬ್ರನೋ ನಗರದ ಸಂತ ತೋಮಾಸರ ಮಠವನ್ನು ಸೇರಿದರು. ಆ ನಗರ ಅಂದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಇಂದು ಚೆಕ್ ಗಣರಾಜ್ಯದಲ್ಲಿದೆ. 1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳ ಬಳಿಗೆ ಹೋಗುವ ಸೇವೆ ಅವರ ಮೃದು ಮನಸ್ಸಿಗೆ ತಾಳಲಾರದಷ್ಟು ಭಾರವಾಯಿತು. ಅವರೇ ಕಾಯಿಲೆ ಬಿದ್ದರು. ಮಠಾಧ್ಯಕ್ಷರು ಇದನ್ನರಿತು ಅವರನ್ನು ಬೋಧನೆಗೆ ಕಳುಹಿಸಿದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು 1850ರಲ್ಲಿ ತೇರ್ಗಡೆಯಾಗಲಿಲ್ಲ. ಮಠವು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿ ಓದಿಸಿತು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತರೂ ಫಲ ಸಿಗಲಿಲ್ಲ. ಹೀಗೆ 1854ರಿಂದ 1868ರವರೆಗೆ, ಹದಿನಾಲ್ಕು ವರ್ಷ, ಅವರು ಪೂರ್ಣ ಅರ್ಹತೆಯಿಲ್ಲದ ಬದಲಿ ಶಿಕ್ಷಕರಾಗಿಯೇ ಬ್ರನೋದ ಶಾಲೆಯೊಂದರಲ್ಲಿ ಪಾಠ ಹೇಳಿದರು.

ಮಠದ ನಿತ್ಯವಿಧಿಗಳು ಒಂದು ಕಡೆ, ಶಾಲೆಯ ತರಗತಿಗಳು ಇನ್ನೊಂದು ಕಡೆ. ಇವೆರಡರ ನಡುವೆ ಮಠದ ತೋಟದಲ್ಲಿ ಅವರು ಬಟಾಣಿ ಬೆಳೆದರು. ಮೊದಲು 34 ಬಗೆಯ ಬೀಜಗಳನ್ನು ತರಿಸಿ, ತಳಿ ಶುದ್ಧವಾಗಿದೆಯೇ ಎಂದು ಪರೀಕ್ಷಿಸುವುದಕ್ಕೇ ಎರಡು ವರ್ಷ ಕಳೆದರು. ಅನಂತರ 1856ರಿಂದ 1863ರವರೆಗೆ ಪ್ರಯೋಗ ನಡೆಯಿತು. ಅದು ಎಂತಹ ಕೆಲಸವೆಂದರೆ, ಮೊಗ್ಗು ಬಲಿಯುವ ಮುನ್ನವೇ ಅದನ್ನು ಬಿಡಿಸಿ, ಚಿಮಟದಿಂದ ಪರಾಗಕೋಶಗಳನ್ನು ಒಂದೊಂದಾಗಿ ಕಿತ್ತು, ಬೇರೊಂದು ಗಿಡದ ಪರಾಗವನ್ನು ತಂದು ಸವರಿ, ಕೀಟಗಳು ಮುಟ್ಟದಂತೆ ಹೂವಿಗೆ ಪುಟ್ಟ ಚೀಲ ತೊಡಿಸಬೇಕು. ಆಮೇಲೆ ಕಾಯಬೇಕು. ಕಾಯಿ ಬಲಿತ ಮೇಲೆ ಬಿಡಿಸಿ ಎಣಿಸಬೇಕು. ಒಂದು ಪ್ರಯೋಗದಲ್ಲಿ ಅವರು ಎಣಿಸಿದ ಬೀಜಗಳು 7324. ಅವುಗಳಲ್ಲಿ ಗುಂಡಗಿದ್ದವು 5474, ಸುಕ್ಕುಗಟ್ಟಿದ್ದವು 1850. ಹೆಚ್ಚುಕಡಿಮೆ ಮೂರಕ್ಕೆ ಒಂದು. ಜಗತ್ತಿನ ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿದ ಒಂದು ಅನುಪಾತ ಹೀಗೆ ಬೀಜ ಎಣಿಸುವ ಬೆರಳುಗಳ ತುದಿಯಲ್ಲಿ ಹೊಳೆಯಿತು. ತಳಿಗಳನ್ನು ಬೆರೆಸಿದವರು ಅವರಿಗಿಂತ ಮೊದಲೂ ಇದ್ದರು. ತಲೆಮಾರಿನ ನಂತರ ತಲೆಮಾರು ಇಷ್ಟು ತಾಳ್ಮೆಯಿಂದ ಎಣಿಸಿ ಲೆಕ್ಕವಿಟ್ಟವರು ಇರಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಬಟಾಣಿ ಗಿಡವನ್ನು ಅವಸರಪಡಿಸಲಾಗದು. ಇಡೀ ದಿನ ಅದರ ಮುಂದೆ ಕುಳಿತರೂ ಅದು ಬೇಗ ಹೂ ಬಿಡದು. ಪಾಠಕ್ಕೆ ಹೋಗಿ ಬರುವಷ್ಟರಲ್ಲಿ, ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಅದು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಬೇಕಾದದ್ದು ಸರಿಯಾದ ಹೊತ್ತಿಗೆ ಬಂದು ನೋಡುವ ಕಣ್ಣು, ಮರೆಯದೆ ಗುರುತು ಹಾಕುವ ಕೈ. ಬಹುಪಾಲು ಒಳ್ಳೆಯ ಕನಸುಗಳ ಗುಣವೂ ಇದೇ. ಅವು ನಮ್ಮ ಇಡೀ ದಿನವನ್ನು ಕೇಳುವುದಿಲ್ಲ, ನಾವು ದಿನವೂ ಬರಬೇಕೆಂದು ಕೇಳುತ್ತವೆ.

ನುಡಿಯಿಂದ ನುಡಿಗೆ

ಎರಡನೆಯವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮುಂತಾದೆಡೆ ಮಿಷನರಿಯ ಕೆಲಸ ಮಾಡಿದರು. ಬೋಧನೆ, ಪ್ರವಾಸ, ಪುಸ್ತಕ ಪ್ರಕಟಣೆಗಳ ಹೊಣೆ ಹೊತ್ತುಕೊಂಡೇ ಅವರು ಕನ್ನಡ ಕಲಿತರು. ಪಂಡಿತರ ಬಳಿ ಕುಳಿತು ಹಳಗನ್ನಡ ಕಾವ್ಯ ಓದಿದರು. ಜನರ ಬಾಯಿಂದ ಗಾದೆಗಳನ್ನೂ ಆಡುಮಾತುಗಳನ್ನೂ ಆಯ್ದುಕೊಂಡರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಕೊನೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಂತು. ಅವರು ನಮ್ಮ ನೆಲಕ್ಕೆ ಕಾಲಿಟ್ಟು ಅಷ್ಟು ಹೊತ್ತಿಗೆ 41 ವರ್ಷಗಳಾಗಿದ್ದವು.

70,000 ಎಂಬ ಸಂಖ್ಯೆಯನ್ನು ಒಮ್ಮೆಗೇ ಎದುರಿಗಿಟ್ಟುಕೊಂಡರೆ ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆ. ಆದರೆ ನಿಘಂಟುಕಾರನ ಮುಂದೆ ಯಾವ ಹೊತ್ತಿನಲ್ಲೂ ಇರುವುದು ಒಂದೇ ಶಬ್ದ. ಅದರ ಅರ್ಥ ಹಿಡಿದು, ಪ್ರಯೋಗ ಹುಡುಕಿ, ಬರೆದು, ಮುಂದಿನ ಶಬ್ದಕ್ಕೆ ಹೋಗುತ್ತಾನೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ನಮ್ಮ ಗಾದೆಯನ್ನು ನಾವು ಹಣದ ಉಳಿತಾಯಕ್ಕೆ ಮಾತ್ರ ಹೇಳುತ್ತೇವೆ. ಹೊತ್ತಿಗೂ ಅದು ಸಲ್ಲುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷವೆಂದರೆ ವರ್ಷಕ್ಕೆ 120 ಗಂಟೆಗೂ ಮಿಗಿಲು. ಒಂದು ವಾದ್ಯದ ಮೊದಲ ಪಾಠಗಳಿಗೆ, ಒಂದು ಊರಿನ ಹಾಡುಗಳನ್ನು ಬರೆದಿಡುವುದಕ್ಕೆ, ಒಂದು ಪರೀಕ್ಷೆಯ ಸಿದ್ಧತೆಗೆ ಇದು ಸಣ್ಣ ಹೊತ್ತಲ್ಲ.

ಕಿಟೆಲರ ವಿಷಯದಲ್ಲಿ ಇನ್ನೊಂದು ಮಾತು. ಅವರ ಕನಸು ಅವರ ಕರ್ತವ್ಯದಿಂದ ದೂರವೆಲ್ಲೋ ಹುಟ್ಟಿದ್ದಲ್ಲ. ಜನರೊಡನೆ ಮಾತನಾಡಲೆಂದು ಕಲಿತ ನುಡಿ ಕ್ರಮೇಣ ಪ್ರೀತಿಯಾಯಿತು, ಪ್ರೀತಿ ಕಾಯಕವಾಯಿತು. ಮೆಂಡೆಲರೂ ಅಷ್ಟೆ. ರೈತನ ಮಗನಿಗೆ ತೋಟ ಹೊಸದಲ್ಲ, ನಿಸರ್ಗವಿಜ್ಞಾನದ ಶಿಕ್ಷಕನಿಗೆ ಗಿಡದ ಪರೀಕ್ಷೆ ಅನ್ಯವಲ್ಲ. ನಮ್ಮ ಕನಸನ್ನು ನಾವು ಅನೇಕ ವೇಳೆ ನಮ್ಮ ಬದುಕಿಗೆ ಎದುರಾಗಿ ನಿಲ್ಲಿಸುತ್ತೇವೆ. ‘ಈ ಮನೆ, ಈ ನೌಕರಿ ಇಲ್ಲದಿದ್ದರೆ ನಾನು ಏನೇನೋ ಆಗುತ್ತಿದ್ದೆ’ ಎನ್ನುತ್ತೇವೆ. ಅದರ ಬದಲು ಈ ಮನೆಯ, ಈ ನೌಕರಿಯ ಯಾವ ಸಂದಿಯಲ್ಲಿ ಅದು ಬೇರುಬಿಡಬಲ್ಲದೆಂದು ನೋಡುವುದು ಮೇಲು. ಮೊಮ್ಮಗನನ್ನು ಮಲಗಿಸುವ ಹೊತ್ತಿಗೆ ಹಾರ್ಮೋನಿಯಂ ಹಗೆಯಾಗಬೇಕಾಗಿಲ್ಲ.

ಸ್ವಾರ್ಥವೇ?

ಈಗ ಆ ತಾಯಿಯ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಹೊತ್ತು ಸಿಗುತ್ತದೆಯೆಂದೇ ಇಟ್ಟುಕೊಳ್ಳೋಣ. ಅದನ್ನು ತನಗಾಗಿ ತೆಗೆದುಕೊಳ್ಳುವುದು ಸರಿಯೇ?

ಗುರುಮಠದಲ್ಲಿ ನಾವು ಸಂತ ಅಕ್ವಿನಾದ ತೋಮಾಸರ ನೀತಿಶಾಸ್ತ್ರ ಓದುವಾಗ, ಹಿಡಿದ ಒಳಿತನ್ನು ದೀರ್ಘಕಾಲ ಬಿಡದಿರುವ ಗುಣವನ್ನು ಅವರು ಸ್ಥೈರ್ಯದ ಒಂದು ಅಂಗವೆಂದು ಎಣಿಸಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಯುದ್ಧಭೂಮಿಯಲ್ಲಿ ಎದೆಯೊಡ್ಡುವುದಷ್ಟೇ ಸ್ಥೈರ್ಯವಲ್ಲ. ಬೇಸರವಾದರೂ ನಾಳೆ ಮತ್ತೆ ಅದೇ ಕೆಲಸಕ್ಕೆ ಕೂರುವುದೂ ಸ್ಥೈರ್ಯವೇ. ಈ ಸದ್ಗುಣದ ಎರಡು ಬದಿಗೆ ಎರಡು ದೋಷಗಳಿವೆ ಎನ್ನುತ್ತಾರೆ ಅವರು. ಒಂದು, ತುಸು ಕಷ್ಟವಾದೊಡನೆ ಕೈಚೆಲ್ಲುವ ಮೆತ್ತನೆಯ ಸ್ವಭಾವ. ಇನ್ನೊಂದು, ಬಿಡಬೇಕಾದಾಗಲೂ ಬಿಡದ ಹಟಮಾರಿತನ. ಮೊದಲನೆಯದನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಎರಡನೆಯದು ಸಾಧನೆಯ ವೇಷ ತೊಟ್ಟು ಬರುವುದರಿಂದ ಅದನ್ನು ಹೊಗಳಿಯೂ ಬಿಡುತ್ತೇವೆ. ಮಗುವಿಗೆ ಜ್ವರವಿದ್ದರೂ ತನ್ನ ಅಭ್ಯಾಸ ತಪ್ಪಿಸದ ತಂದೆ, ಮನೆಯ ಖರ್ಚಿಗೆ ಕೊಡಬೇಕಾದದ್ದನ್ನು ತನ್ನ ಹವ್ಯಾಸಕ್ಕೆ ಸುರಿಯುವ ಮಗ - ಇವರು ಕನಸಿನ ಹೆಸರಿನಲ್ಲಿ ತಮ್ಮನ್ನೇ ಪೂಜಿಸಿಕೊಳ್ಳುತ್ತಾರೆ.

ಹಾಗಾದರೆ ಒಳ್ಳೆಯ ಕನಸನ್ನು ಗುರುತಿಸುವುದು ಹೇಗೆ? ಅದರ ಬಳಿ ಅರ್ಧ ಗಂಟೆ ಕಳೆದು ಎದ್ದುಬರುವಾಗ ನಾವು ಮನೆಮಂದಿಗೆ ಹೆಚ್ಚು ಸಹನೀಯರಾಗಿದ್ದೇವೆಯೋ, ಸಿಡುಕರಾಗಿದ್ದೇವೆಯೋ? ಯಾರೂ ನೋಡದಿದ್ದರೂ, ಯಾರೂ ಮೆಚ್ಚದಿದ್ದರೂ ಆ ಕೆಲಸವನ್ನು ಮಾಡುತ್ತೇವೆಯೇ? ನಿಜವಾದ ಕರೆ ಬಂದಾಗ ಮೊಗ್ಗನ್ನು ಹಾಗೆಯೇ ಬಿಟ್ಟು ಏಳಲು ನಮಗೆ ಸಾಧ್ಯವೇ? ಈ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಬಲ್ಲವರು ಸ್ವಾರ್ಥದ ಭಯಪಡಬೇಕಾಗಿಲ್ಲ.

ತನಗಾಗಿ ಏನನ್ನೂ ಇಟ್ಟುಕೊಳ್ಳದಿರುವುದೇ ಪ್ರೀತಿ ಎಂದು ನಾವು, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳು, ನಂಬಿಕೊಂಡು ಬಂದಿದ್ದೇವೆ. ಆದರೆ ಶುಭಸಂದೇಶದ ಸಾಮತಿಯಲ್ಲಿ ಯಜಮಾನನ ಕೋಪಕ್ಕೆ ಗುರಿಯಾದವನು ಹಣವನ್ನು ದುಂದುಮಾಡಿದ ಸೇವಕನಲ್ಲ, ಭಯಪಟ್ಟು ನೆಲದಲ್ಲಿ ಹೂತಿಟ್ಟವನು. ಕೊಟ್ಟವನದನ್ನು ಹಾಗೆಯೇ ಹಿಂದಿರುಗಿಸಿದೆನಲ್ಲ ಎಂಬ ಅವನ ಸಮಾಧಾನ ಅವನನ್ನು ಉಳಿಸಲಿಲ್ಲ. ನಮಗೆ ಕೊಟ್ಟ ಕಂಠ, ಕೈಚಳಕ, ಕಲಿಯುವ ಹಂಬಲ ಇವೂ ಕೊಟ್ಟವನದೇ ಆದರೆ, ಅವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮೇಲಿಡುವುದನ್ನು ತ್ಯಾಗವೆಂದು ಕರೆಯುವ ಮುನ್ನ ಸ್ವಲ್ಪ ಯೋಚಿಸಬೇಕು.

ಕೈತಪ್ಪಿ ಹೋದಾಗ

ಮೆಂಡೆಲರ ಕಥೆ ಇನ್ನೂ ಮುಗಿದಿಲ್ಲ. ಅದರ ಉತ್ತರಾರ್ಧ ಅಷ್ಟು ಸಂತಸದ್ದಲ್ಲ. 1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ ಬ್ರನೋದ ನಿಸರ್ಗವಿಜ್ಞಾನ ಸಂಘದಲ್ಲಿ ಅವರು ತಮ್ಮ ಪ್ರಬಂಧವನ್ನು ಎರಡು ಸಂಜೆ ಓದಿದರು. 1866ರಲ್ಲಿ ಅದು ಅಚ್ಚಾಯಿತು. ಪ್ರತಿಗಳನ್ನು ಹಲವು ವಿದ್ವಾಂಸರಿಗೆ ಕಳುಹಿಸಿದರು. ಲೋಕ ಹೆಚ್ಚು ಗಮನ ಕೊಡಲಿಲ್ಲ. 1868ರಲ್ಲಿ ಸಹೋದರರು ಅವರನ್ನೇ ಮಠಾಧ್ಯಕ್ಷರನ್ನಾಗಿ ಆರಿಸಿದರು. ಮಠದ ಜಮೀನು, ಲೆಕ್ಕಪತ್ರ, ಸಭೆ, ಸಮಾರಂಭಗಳು ಮೇಲೆ ಬಿದ್ದವು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹಾಕಿದಾಗ ಅದು ಅನ್ಯಾಯವೆಂದು ಅವರು ವರ್ಷಗಟ್ಟಲೆ ಹೋರಾಡಿದರು. ಗಿಡಗಳನ್ನೂ ಜೇನುನೊಣಗಳನ್ನೂ ಹೀಗೆ ಕಡೆಗಣಿಸಬೇಕಾಯಿತಲ್ಲ ಎಂಬ ಕೊರಗನ್ನು ಅವರು ಪತ್ರವೊಂದರಲ್ಲಿ ತೋಡಿಕೊಂಡಿದ್ದಾರೆ. 1884ರ ಜನವರಿ 6ರಂದು ತೀರಿಕೊಂಡಾಗ ಊರಿನವರು ಒಳ್ಳೆಯ ಮಠಾಧ್ಯಕ್ಷರನ್ನು ಕಳೆದುಕೊಂಡೆವೆಂದು ದುಃಖಿಸಿದರು. ಮಹಾ ವಿಜ್ಞಾನಿಯೊಬ್ಬರು ಹೋದರೆಂದು ತಿಳಿದವರು ಇರಲಿಲ್ಲವೆಂದೇ ಹೇಳಬೇಕು. 1900ರಲ್ಲಿ ಮೂವರು ಸಸ್ಯವಿಜ್ಞಾನಿಗಳು ಅದೇ ಫಲಿತಾಂಶಗಳತ್ತ ಬಂದಾಗ, ಮೂವತ್ತನಾಲ್ಕು ವರ್ಷ ಹಳೆಯದಾದ ಆ ಪ್ರಬಂಧ ಮರಳಿ ಬೆಳಕಿಗೆ ಬಂತು.

ಈ ಕಥೆಯಿಂದ ‘ತಡವಾದರೂ ಕೀರ್ತಿ ಬಂದೇ ಬರುತ್ತದೆ’ ಎಂಬ ನೀತಿ ಹೇಳುವುದು ಸುಲಭ. ಅದು ಸುಳ್ಳು ಸಮಾಧಾನ. ಅನೇಕರಿಗೆ ಅದು ಬರುವುದಿಲ್ಲ, ಮತ್ತು ಬಂದಾಗ ಮೆಂಡೆಲ್ ಇರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಹೊಣೆ ಹೆಚ್ಚಿ ದೊಡ್ಡ ಪ್ರಯೋಗಗಳು ನಿಂತ ಮೇಲೂ ಅವರು ಹವಾಮಾನವನ್ನು ಅಳೆದು ಬರೆದಿಡುವ ತಮ್ಮ ಅಭ್ಯಾಸವನ್ನು ಬದುಕಿನ ಕೊನೆಯ ದಿನಗಳವರೆಗೂ ಉಳಿಸಿಕೊಂಡಿದ್ದರು. ಇಡೀ ತೋಟಕ್ಕೆ ಹೊತ್ತು ಇರಲಿಲ್ಲ. ಉಷ್ಣಮಾಪಕ ನೋಡಿ ಒಂದು ಸಂಖ್ಯೆ ಬರೆಯಲು ಇತ್ತು. ಕನಸು ಕುಗ್ಗಿದಾಗ ಅವರು ಅದನ್ನು ಪೂರ್ತಿ ಎಸೆಯಲಿಲ್ಲ. ಆಗ ಕೈಗೆ ಎಟುಕುವಷ್ಟನ್ನು ಹಿಡಿದುಕೊಂಡರು.

ಬದುಕಿನಲ್ಲಿ ಕೆಲವು ಕಾಲಗಳು ಹಾಗೆಯೇ ಬರುತ್ತವೆ. ಹೆರಿಗೆ, ಹಿರಿಯರ ಕಾಯಿಲೆ, ಸುಗ್ಗಿ, ಊರು ಬದಲು. ಆಗ ಇಪ್ಪತ್ತು ನಿಮಿಷವೂ ದುಬಾರಿಯಾಗುತ್ತದೆ. ಅಂತಹ ದಿನಗಳಲ್ಲಿ ಐದು ನಿಮಿಷವಾದರೂ ಸಾಕು, ಅದೂ ಆಗದಿದ್ದರೆ ಬಿಡಬಹುದು. ಆದರೆ ಮರಳಿ ಬರುವಾಗ ಒಂದು ತಪ್ಪು ಮಾಡಬಾರದು. ಬಿಟ್ಟುಹೋದ ದಿನಗಳ ಬಾಕಿಯನ್ನು ತೀರಿಸಲು ಹೋಗಬಾರದು. ಮೂರು ತಿಂಗಳ ಬಾಕಿಯನ್ನು ಒಂದು ವಾರದಲ್ಲಿ ತೀರಿಸುತ್ತೇನೆಂದು ಹೊರಟವನು ಎಂಟನೆಯ ದಿನ ಮತ್ತೆ ನಿಲ್ಲುತ್ತಾನೆ. ಸಾಲಗಾರನಂತೆ ತಲೆತಗ್ಗಿಸಿ ಬರದೆ, ತೋಟಗಾರನಂತೆ ಬಂದು ಇವತ್ತಿನ ಗಿಡಕ್ಕೆ ಇವತ್ತಿನ ನೀರು ಹಾಕಿದರೆ ಆಯಿತು. ಕೆಲಸ ಪೂರ್ತಿಯಾಗದೇ ಉಳಿಯಬಹುದು. ಸಂತ ತೋಮಾಸರ ಮಹಾಗ್ರಂಥವೂ ಪೂರ್ತಿಯಾಗಿಲ್ಲ. 1273ರ ಡಿಸೆಂಬರಿನಲ್ಲಿ ಅವರು ಲೇಖನಿ ಕೆಳಗಿಟ್ಟರು, ಮುಂದಿನ ಮಾರ್ಚಿನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತ ಆ ಗ್ರಂಥವನ್ನೇ ಏಳು ಶತಮಾನಗಳಿಂದ ಓದುತ್ತಿದ್ದೇವೆ.

ಮನೆಯವರ ಪಾಲು

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಕಿವಿಗೊಡಲೇಬೇಕು. ದಿನವಿಡೀ ಗಾರೆ ಹೊತ್ತು ಬರುವ ಕೂಲಿಯವರಿಗೆ, ಎರಡು ಮನೆಗಳಲ್ಲಿ ಪಾತ್ರೆ ತೊಳೆದು ಮೂರನೆಯದಾಗಿ ತನ್ನ ಮನೆಯ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ‘ದಿನಕ್ಕೆ ಇಪ್ಪತ್ತು ನಿಮಿಷ’ ಎಂದು ಉಪದೇಶ ಮಾಡುವುದು ಕ್ರೂರವಾದೀತು. ಮೆಂಡೆಲರಿಗೆ ಮಠದ ಊಟವಿತ್ತು, ತೋಟವಿತ್ತು, ಅರ್ಥಮಾಡಿಕೊಂಡ ಮಠಾಧ್ಯಕ್ಷರಿದ್ದರು. ನಿಜ. ಸಂಕಲ್ಪವೊಂದಿದ್ದರೆ ಸಾಕು ಎಂಬ ಮಾತು ಅರ್ಧ ಸತ್ಯ. ಹಿಂದೆ ನಿಂತು ಹೊತ್ತು ಕೊಟ್ಟವರೂ ಇರಬೇಕು.

ಮೆಂಡೆಲರ ಬಾಲ್ಯದಲ್ಲಿ ಮರ ಬಿದ್ದು ತಂದೆ ತೀವ್ರವಾಗಿ ಗಾಯಗೊಂಡರು. ಹೊಲದ ಆದಾಯ ಕುಸಿಯಿತು. ಓದು ನಿಲ್ಲುವ ಹಂತಕ್ಕೆ ಬಂದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಮುಂದೆ ಅಣ್ಣ ಅವಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಿ ಋಣ ತೀರಿಸಿದರು. ವಿಜ್ಞಾನದ ಪಾಠದಲ್ಲಿ ತೆರೇಸಿಯಾಳ ಹೆಸರು ಬರುವುದಿಲ್ಲ. ಆದರೆ ಆ 7324 ಬೀಜಗಳ ಹಿಂದೆ ಅವಳ ವರದಕ್ಷಿಣೆಯ ಹಣವೂ ಇದೆ.

ಆದ್ದರಿಂದ ಈ ಪ್ರಶ್ನೆಯನ್ನು ನಾವು ನಮ್ಮೊಬ್ಬರಿಗಷ್ಟೇ ಕೇಳಿಕೊಂಡರೆ ಸಾಲದು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಸುತ್ತಲೂ ನೋಡಿ. ನಿಮ್ಮ ಮನೆಯಲ್ಲಿ ಯಾರಿಗೆ ದಿನದ ಅರ್ಧ ಗಂಟೆಯೂ ತಮ್ಮದೆಂದು ಇಲ್ಲ? ಯಾರ ಪೆಟ್ಟಿಗೆ ಬೀರುವಿನ ಮೇಲಿದೆ? ಅವರಿಗೆ ಬೇಕಾಗಿರುವುದು ಪ್ರೋತ್ಸಾಹದ ನುಡಿಯಾಗಿರಲಾರದು. ರಾತ್ರಿಯ ಪಾತ್ರೆಯನ್ನು ಬೇರೆ ಯಾರಾದರೂ ತೊಳೆಯುವುದು ಬೇಕಾಗಿರಬಹುದು. ಸಂಜೆ ಆರೂವರೆಯಿಂದ ಏಳರವರೆಗೆ ‘ಅಮ್ಮಾ’ ಎಂದು ಯಾರೂ ಕೂಗದಿರುವುದು ಬೇಕಾಗಿರಬಹುದು. ಗಂಡ, ಮಗ, ಸೊಸೆ ಇವರು ಕೊಡಬಲ್ಲ ಈ ಸಣ್ಣ ಉಡುಗೊರೆಗೆ ದುಡ್ಡು ಬೇಡ. ನಮ್ಮ ಮನೆಗಳಲ್ಲಿ ಗಂಡಸರ ಹವ್ಯಾಸಕ್ಕೆ ಸಿಗುವ ಗೌರವ ಹೆಂಗಸರ ಆಸೆಗೆ ಸಿಗದಿರುವುದು ಸಮಯದ ಅಭಾವದಿಂದಲ್ಲ, ನ್ಯಾಯದ ಅಭಾವದಿಂದ. ಅದನ್ನು ಒಪ್ಪಿಕೊಳ್ಳಲು ನಾವು ಹಿಂಜರಿಯಬಾರದು.

ಉಳಿದುಹೋದ ಉತ್ತರ

ಆ ಮನೆಗೆ ನಾನು ಮತ್ತೆ ಹೋಗಲಿಲ್ಲ. ಹೋಗಿದ್ದರೆ, ಅಥವಾ ಅಂದು ಬಾಕಿಯಿದ್ದ ಮನೆಗಳ ಅವಸರ ನನಗಿಲ್ಲದಿದ್ದರೆ, ಹೀಗೆ ಹೇಳುತ್ತಿದ್ದೆ:

‘ಅಮ್ಮ, ಬಿಡುವಿಗಾಗಿ ಕಾಯಬೇಡಿ, ಅದು ಬರುವುದು ಕಷ್ಟ. ಮೊದಲು ಆ ಪೆಟ್ಟಿಗೆಯನ್ನು ಬೀರುವಿನ ಮೇಲಿಂದ ಕೆಳಗಿಳಿಸಿ, ಕೈಗೆ ಸಿಗುವ ಕಡೆ ಇಡಿ. ಏಣಿ ಹಾಕಿ ಇಳಿಸಬೇಕಾದ ವಸ್ತುವನ್ನು ದಣಿದ ಕೈ ದಿನವೂ ಇಳಿಸದು. ದಿನದ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ, ಅದು ಚಿಕ್ಕದಿರಲಿ. ಮನೆಯವರಿಗೂ ಹೇಳಿ, ಗುಟ್ಟಾಗಿ ಕದಿಯಬೇಡಿ. ಕದ್ದ ಹೊತ್ತಿಗೆ ಯಾವಾಗಲೂ ಅಳುಕು ಇರುತ್ತದೆ. ಬೆರಳು ಎಡವಿದರೆ ಎಡವಲಿ. ಮೊಮ್ಮಗ ಬಂದು ಕಟ್ಟೆಗಳನ್ನು ಒತ್ತಿದರೆ ಒತ್ತಲಿ, ಅಜ್ಜಿಯೂ ಕಲಿಯುತ್ತಾಳೆಂದು ಅವನಿಗೆ ಗೊತ್ತಾಗುವುದು ಒಳ್ಳೆಯದು. ಅವನಿಗೆ ಜ್ವರ ಬಂದ ದಿನ ಮುಚ್ಚಿಡಿ, ಮರುದಿನ ಮತ್ತೆ ತೆಗೆಯಿರಿ. ನೀವು ದೊಡ್ಡ ವಾದಕಿಯಾಗುತ್ತೀರೆಂದು ನಾನು ಹೇಳಲಾರೆ. ಆದರೆ ಇದನ್ನು ಸ್ವಾರ್ಥವೆಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರು ತಪ್ಪು ಹೇಳಿದ್ದಾರೆ.’

ಪ್ರಿಯ ಓದುಗರೇ, ಆ ತಾಯಿ ಎಲ್ಲಿದ್ದಾರೋ ತಿಳಿಯದು. ಈ ಪುಟ ಅವರ ಕೈಗೆ ಸಿಗದಿದ್ದರೂ, ಅಂತಹವರೊಬ್ಬರು ನಿಮ್ಮ ಬೀದಿಯಲ್ಲಿ, ಬಹುಶಃ ನಿಮ್ಮ ಮನೆಯಲ್ಲೇ ಇದ್ದಾರೆ. ಅವರು ಕೇಳಿದಾಗ ನನ್ನಂತೆ ‘ಬಿಡುವಾದಾಗ’ ಎಂದು ಹೇಳಿ ಎದ್ದುಹೋಗಬೇಡಿ. ಒಂದು ಕುರ್ಚಿ ತಂದು ಅದರ ಮೇಲೆ ಹತ್ತಿ, ಆ ಪೆಟ್ಟಿಗೆಯನ್ನು ಇಳಿಸಿಕೊಡಿ.